ಟಿಎನ್‌ಎ ನೋಡೋರನ್ನ ಓಡಿಸಿದ್ದು ಹೋಗನ್ನಾ, ಇಲ್ಲಾ ಕಂಪನಿಯೇನಾ?

ಆರುಮೂಲೆ ರಿಂಗು
ಇಲ್ಲಿ ಡಬ್ಲ್ಯುಡಬ್ಲ್ಯುಇ ಬಿಟ್ಟು ಬೇರೆ ರೆಸ್ಲಿಂಗ್ ನೋಡಿದೋರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ. ಆದ್ರೂ ಕೇಳ್ತೀನಿ.

2005ರಲ್ಲಿ ಟಿಎನ್‌ಎ ಅನ್ನೋ ಅಮೆರಿಕದ ರೆಸ್ಲಿಂಗ್ ಕಂಪನಿ ಹತ್ರ ಏನೇನಿತ್ತು ನೋಡಿ. ಅನ್‌ಬ್ರೇಕಬಲ್ ಅನ್ನೋ ಪೇ-ಪರ್-ವ್ಯೂನಲ್ಲಿ (ಮನೇಲಿ ದುಡ್ಡು ಕೊಟ್ಟು ನೋಡೋ ಶೋ) ಎಜೆ ಸ್ಟೈಲ್ಸ್, ಸಮೋವಾ ಜೋ, ಕ್ರಿಸ್ಟೋಫರ್ ಡೇನಿಯಲ್ಸ್ ಮೂವರ ಮ್ಯಾಚೇ ಅವತ್ತಿನ ಮೇನ್ ಇವೆಂಟ್. ಅದೂ ಹೆವಿವೇಟ್ ಬೆಲ್ಟಿಗಲ್ಲ, ಎಕ್ಸ್ ಡಿವಿಷನ್ (ವೇಗವಾಗಿ ಹಾರಿ ಹಾರಿ ಆಡೋರ ವಿಭಾಗ) ಬೆಲ್ಟಿಗೆ. ಜತೆಗೆ ಆರು ಮೂಲೆ ರಿಂಗು. ಚಾನೆಲ್ ತಿರುಗಿಸ್ತಾ ಬಂದವನಿಗೂ ಇದು ಬೇರೇನೋ ಅಂತ ತಕ್ಷಣ ಗೊತ್ತಾಗ್ತಿತ್ತು. ಅದೇ ಅಕ್ಟೋಬರಲ್ಲಿ ಸ್ಪೈಕ್ ಟಿವಿ ಅನ್ನೋ ಚಾನೆಲ್ ಸಿಕ್ತು. ಮುಂದಿನ ವರ್ಷ ಸ್ಟಿಂಗ್, ಕರ್ಟ್ ಆಂಗಲ್ ಥರದ ದೊಡ್ಡ ರೆಸ್ಲರ್‌ಗಳು ಬಂದ್ರು. ನೋಡೋರ ಸಂಖ್ಯೆ ಹತ್ತು ಲಕ್ಷ ದಾಟ್ತು.

2015ರಲ್ಲಿ ಅದೇ ಕಂಪನಿ ಡೆಸ್ಟಿನೇಷನ್ ಅಮೆರಿಕ ಅನ್ನೋ ಚಾನೆಲಲ್ಲಿ ಮೂರು-ನಾಲ್ಕು ಲಕ್ಷ ಜನಕ್ಕೆ ಇಳಿದಿತ್ತು. 2019ರಲ್ಲಿ ಪರ್ಸ್ಯೂಟ್ ಚಾನೆಲ್. ಜಿಂಕೆ ಬೇಟೆ, ಮೀನು ಹಿಡಿಯೋದು ತೋರ್ಸೋ ಚಾನೆಲ್ ಅದು!

ನನ್ನ ವಾದ ಇಷ್ಟೇ: 2010ರಲ್ಲಿ ಹಲ್ಕ್ ಹೋಗನ್ ಬಂದ, ಅವತ್ತಿಂದ ಕೆಟ್ತು. ಒಪ್ಪದೋರು ಕಾರಣ ಕೊಡಿ, ಬೈಬೇಡಿ.

ಟ್ರಂಪ್‌ಕಾರ್ಡ್ ಕಿಟ್ಟಿ
ಟಿಎನ್‌ಎ ಅಂದ್ರೆ ಏನು ಗುರು? ನಮಗೆ ರೆಸ್ಲಿಂಗ್ ಅಂದ್ರೆ ಟ್ರಂಪ್ ಕಾರ್ಡು. ಹೈಟು, ವೇಟು, ಚೆಸ್ಟು, ಬೈಸೆಪ್ಸು. ರ‍್ಯಾಂಕ್ ಒನ್ ಕಾರ್ಡು ಯಾರ ಕೈಗೆ ಬಂತೋ ಅವನೇ ದೊರೆ.

ಕುಡ್ಲದ ಮಾರಾಯ
ಕಿಟ್ಟಿ ಮಾರಾಯ್ರೆ, ಮೊದಲ ಕಾಮೆಂಟೇ ದಾರಿ ತಪ್ಪಿತಲ್ಲ 😄

ವಿಷಯಕ್ಕೆ ಬರುವ. ಹೋಗನ್ 2025ರ ಜುಲೈಯಲ್ಲಿ ತೀರಿಹೋದರು. ಅವರ ಮೇಲೆ ಎಲ್ಲ ಹಾಕುವುದು ಸುಲಭ. ಆದರೆ ಅವರನ್ನು ಕರೆತಂದದ್ದು ಯಾರು? ಬಾಗಿಲು ತೆಗೆದವರು ಆಗ ಟಿಎನ್‌ಎ ನಡೆಸುತ್ತಿದ್ದ ಡಿಕ್ಸಿ ಕಾರ್ಟರ್. ಅವರ ಕೈಗೆ ಕಂಪನಿ ಬಂದದ್ದು ಅಪ್ಪನ ಪಾಂಡಾ ಎನರ್ಜಿ 2002ರಲ್ಲಿ ದುಡ್ಡು ಹಾಕಿದ ಮೇಲೆ. ನಷ್ಟ ಆದರೆ ತುಂಬುವವರು ಒಬ್ಬರು ಉಂಟು ಅಂತ ಗೊತ್ತಿದ್ದರೆ ನೋಡುವವರು ಹೋದರೂ ಬಿಸಿ ತಟ್ಟುವುದಿಲ್ಲ. ನನ್ನ ಪ್ರಕಾರ ಮೂಲ ಅಲ್ಲಿ ಉಂಟು.

ಆರುಮೂಲೆ ರಿಂಗು
ತೀರಿಹೋದ್ರು ಅಂತ ಬುಕಿಂಗ್ (ಯಾರಿಗೆ ಯಾರು, ಗೆಲ್ಲೋದು ಯಾರು ಅಂತ ಮೊದಲೇ ತೀರ್ಮಾನಿಸೋದು) ಬಗ್ಗೆ ಮಾತಾಡಬಾರದಾ? ಮನುಷ್ಯನ ಬಗ್ಗೆ ನಾನೇನೂ ಹೇಳ್ಲಿಲ್ಲ.

2010ರ ಜನವರಿ 4, ಸೋಮವಾರ. ಡಬ್ಲ್ಯುಡಬ್ಲ್ಯುಇಯ ಸೋಮವಾರದ ಶೋ ರಾ ಎದುರಿಗೇ ಮೂರು ಗಂಟೆ ಲೈವ್ ಶೋ. ಆ ಕಡೆ ರಾನಲ್ಲಿ ಬ್ರೆಟ್ ಹಾರ್ಟ್ 1997ರ ಮಾಂಟ್ರಿಯಲ್ ಗಲಾಟೆ (ಅವನಿಗೆ ಹೇಳದೇ ಅವನನ್ನ ಸೋಲಿಸಿದ್ದು) ಆದ್ಮೇಲೆ ಮೊದಲ ಸಲ ವಾಪಸ್. ಹಂಗಿದ್ರೂ ಟಿಎನ್‌ಎಗೆ ಅದರ ಚರಿತ್ರೆಯಲ್ಲೇ ಇಲ್ಲದಷ್ಟು ಜನ ಬಂದ್ರು, ಮೂವತ್ತು ಲಕ್ಷ ಅಂತಾರೆ. ಬಂದ ಅಷ್ಟೂ ಜನಕ್ಕೆ ಏನು ತೋರಿಸಿದ್ರು? ಮೊದಲ ಮ್ಯಾಚು ಕೆಂಪು ಸರಳಿನ ಗುಮ್ಮಟದಂಥ ಪಂಜರದೊಳಗೆ, ಎಕ್ಸ್ ಡಿವಿಷನ್ ಹುಡುಗರದ್ದು. ಕಂಪನಿಯ ಜೀವಾಳ ಅವರೇ. ಹೊಸಬರಿಗೆ "ಇದು ನಾವು" ಅಂತ ತೋರ್ಸೋಕೆ ಅದಕ್ಕಿಂತ ಒಳ್ಳೆ ಅವಕಾಶ ಸಿಗ್ತಿತ್ತಾ? ಆ ಮ್ಯಾಚಿಗೆ ಫಲಿತಾಂಶಾನೇ ಇಲ್ಲ! ನಡುವೆ ನಿಲ್ಲಿಸಿಬಿಟ್ರು. ಹೊಮಿಸೈಡ್ ಪಾಪ ಪಂಜರದ ಮೇಲಿಂದ ಆಚೆ ಬರೋಕೆ ನೋಡ್ದ, ಆಗ್ಲಿಲ್ಲ, ಅಲ್ಲೇ ನೇತಾಡ್ತಿದ್ದ. ಆಮೇಲೆ ಜೆಫ್ ಹಾರ್ಡಿ ಬಂದ. ಅವನ ಹಿಂದೆ ಸ್ಕಾಟ್ ಹಾಲ್, ವಾಲ್ಟ್‌ಮನ್, ನ್ಯಾಸ್ಟಿ ಬಾಯ್ಸ್, ಲಿಮೋದಲ್ಲಿ ರಿಕ್ ಫ್ಲೇರ್. ಹಳೇ ವಿದ್ಯಾರ್ಥಿಗಳ ಸಂಘದ ವಾರ್ಷಿಕೋತ್ಸವ ನಡೀತಿದ್ದಂಗಿತ್ತು.

ಲೆಕ್ಕದ ಮೇಷ್ಟ್ರು
ಮೂವತ್ತು ಲಕ್ಷ ಅಲ್ಲ ಸ್ವಾಮಿ. ಸರಾಸರಿ ಸುಮಾರು 22 ಲಕ್ಷ, ರೇಟಿಂಗ್ 1.5. ಟಿಎನ್‌ಎ ಮಟ್ಟಿಗೆ ಅದೇ ದಾಖಲೆ, ಅಷ್ಟು ಸಾಕಲ್ಲ, ಉಬ್ಬಿಸೋದ್ಯಾಕೆ?

ಅದೇ ರಾತ್ರಿ ಕೊನೆಯಲ್ಲಿ ಎಜೆ ವರ್ಸಸ್ ಆಂಗಲ್ ಇತ್ತು. ಬೆಲ್ಟಿಗೆ ಆಡಿದ್ದು, ಭರ್ಜರಿ ಮ್ಯಾಚು. ನೀವು ಅದನ್ನ ಬಿಟ್ಟು ಪಂಜರ ಮಾತ್ರ ಹೇಳ್ತೀರಿ.

ಆರುಮೂಲೆ ರಿಂಗು
ಮೂರು ಗಂಟೆ ಶೋನಲ್ಲಿ ಒಂದೇ ಒಳ್ಳೆ ಮ್ಯಾಚ್ ಅಂದ್ರೆ ನನ್ನ ವಾದಕ್ಕೇ ಬಲ ಬಂತು ಮೇಷ್ಟ್ರೇ.

ಹುಬ್ಬಳ್ಳಿ ಪೈಲ್ವಾನ್
ಎರಡೂ ಮಂದಿ ಖರೇನ ಹೇಳಾಕತ್ತೀರಿ, ಆದ್ರ ಒಂದ್ ಮಾತ್ ಬಿಟ್ಟೀರಿ. ನಮ್ಮ ಕಡೆ ಜಾತ್ರ್ಯಾಗ ಜಂಗಿ ನಿಕಾಲಿ ಕುಸ್ತಿ ಇಡ್ತಾರ. ಬಿಸಲಾಗ ತಾಸಗಟ್ಟಲೆ ಕುಂತು ನೋಡ್ತಾರ ಮಂದಿ, ಯಾಕ? ಕಡೀಕ ಒಬ್ಬಾಂವ ಚಿತ್ ಆಗಬೇಕು, ಒಬ್ಬಾಂವ ಗೆಲ್ಲಬೇಕು, ಅದು ಪಕ್ಕಾ. ಗೆದ್ದಾಂವನ್ನ ಹೆಗಲ ಮ್ಯಾಲ ಹೊತ್ಕೊಂಡು ಕುಣೀತಾರ. ಈ ಟಿಎನ್‌ಎದಾಗ ಗೆಲುವು ಅನ್ನೋದಕ್ಕ ಬೆಲೀನ ಉಳೀಲಿಲ್ರಿ. ಮ್ಯಾಚ್ ನಡ್ಯಾಕತ್ತಾಗ ಯಾವನರ ಒಬ್ಬಾಂವ ಗಿಟಾರ್ ತಗೊಂಡ್ ಓಡಿ ಬರ್ತಾನ, ತಲಿ ಮ್ಯಾಲ ಹೊಡೀತಾನ, ಮುಗೀತು. ಮುಂದಿನ ವಾರ ಮತ್ತ ಅದ. ಯಾಂವ ನೋಡ್ತಾನ್ರಿ ಅದನ್ನ?

ಟ್ರಂಪ್‌ಕಾರ್ಡ್ ಕಿಟ್ಟಿ
ಅದು ಹೆಂಗೂ ಸ್ಕ್ರಿಪ್ಟೆಡ್ಡು ಅಣ್ಣ. ಗೆದ್ರೇನು ಸೋತ್ರೇನು.

ಹುಬ್ಬಳ್ಳಿ ಪೈಲ್ವಾನ್
ತಮ್ಮಾ, ಬಯಲಾಟದಾಗ ಭೀಮ ದುರ್ಯೋಧನನ್ನ ಕೊಲ್ತಾನಂತ ಎಲ್ಲಾರಿಗೂ ಗೊತ್ತೈತಿ. ಆದ್ರೂ ಬೆಳತನಕ ಕುಂದರ್ತಾರಿಲ್ಲೋ? ಬರೆದದ್ದನ್ನರ ನೆಟ್ಟಗ ಬರೀರಿ ಅಂತೀನಿ, ಅಷ್ಟ.

ಕುಡ್ಲದ ಮಾರಾಯ
ಗಿಟಾರಿನವ ಜೆಫ್ ಜಾರೆಟ್ಟು. ಅವನ ಕಂಪನಿಯೇ ಅಲ್ಲವಾ ಅದು. ಅಪ್ಪ ಜೆರಿ, ಮಗ ಜೆಫ್ ಸೇರಿ 2002ರ ಜೂನ್ 19ಕ್ಕೆ ಅಲಬಾಮದ ಹಂಟ್ಸ್‌ವಿಲ್‌ನಲ್ಲಿ ಮೊದಲ ಶೋ ಮಾಡಿದ್ದು. ಆಗ ಟಿವಿ ಚಾನೆಲೇ ಇರಲಿಲ್ಲ. ಪ್ರತಿ ವಾರ ಹತ್ತು ಡಾಲರ್ ಹತ್ತಿರ ಕೊಟ್ಟು ಪೇ-ಪರ್-ವ್ಯೂ ತೆಗೆದುಕೊಂಡು ನೋಡಬೇಕಿತ್ತು. ವಾರ ವಾರ ದುಡ್ಡು ಕೊಟ್ಟು ನೋಡಿದ ಆ ಜನ ಇದ್ದರಲ್ಲ, ಅವರನ್ನು ಕಳೆದುಕೊಂಡದ್ದೇ ದೊಡ್ಡ ನಷ್ಟ ಅಂತ ನನಗೆ ಕಾಣುವುದು. ಫ್ರೀಯಾಗಿ ನೋಡಿದವ ಹೋದರೆ ಇನ್ನೊಬ್ಬ ಬರುತ್ತಾನೆ.

ಒರ್ಲ್ಯಾಂಡೊ ಕನ್ನಡಿಗ
ಫ್ರೀ ಅಂದಾಗ ನೆನಪಾಯ್ತು, ಇದಕ್ಕೆ ಬರೀಲೇಬೇಕು.

ನಾನಿರೋದು ಫ್ಲೋರಿಡಾದಲ್ಲಿ. ಟಿಎನ್‌ಎಯವರು 2004ರಿಂದ ಯೂನಿವರ್ಸಲ್ ಸ್ಟುಡಿಯೋಸ್ ಒಳಗೆ ಒಂದು ಸೌಂಡ್ ಸ್ಟೇಜಲ್ಲಿ ರೆಕಾರ್ಡಿಂಗ್ ಮಾಡ್ತಿದ್ರು, ಇಂಪ್ಯಾಕ್ಟ್ ಝೋನ್ ಅಂತ ಹೆಸರು. ಅವರ ವಾರದ ಟಿವಿ ಶೋ ಇಂಪ್ಯಾಕ್ಟ್ ನೋಡೋಕೆ ಟಿಕೆಟ್ಟೇ ಇಲ್ಲ. ಪಾರ್ಕಿಗೆ ಬಂದೋರು ಲೈನಲ್ಲಿ ನಿಂತ್ರೆ ಒಳಗೆ ಬಿಡೋರು. ಊರಿಂದ ಬಂದಿದ್ದ ನಮ್ಮ ಮಾವನ್ನ ಕರ್ಕೊಂಡು ಹೋಗಿದ್ದೆ. ಮುಂದಿನ ಸಾಲಲ್ಲಿ ಪ್ರತಿ ರೆಕಾರ್ಡಿಂಗಿಗೂ ಬರೋ ಖಾಯಂ ಗಿರಾಕಿಗಳು. ಅವರಿಗೆ ಪ್ರತಿ ಪಟ್ಟೂ ಗೊತ್ತು, ಯಾರಿಗೆ ಏನು ಕೂಗಬೇಕು ಅಂತಾನೂ ಗೊತ್ತು. ಅವರ ಹಿಂದೆ ನಮ್ಮಂಥ ಟೂರಿಸ್ಟುಗಳು. ಕೈಯಲ್ಲಿ ಪಾರ್ಕಿನ ಮ್ಯಾಪು, ಮಕ್ಕಳ ತಲೆ ಮೇಲೆ ಕಾರ್ಟೂನ್ ಟೋಪಿ. ಚಪ್ಪಾಳೆ ಹೊಡಿ ಅಂದ್ರೆ ಹೊಡೆಯೋದು. ನಮ್ಮ ಮಾವ ಒಂದು ಗಂಟೆ ನೋಡಿ "ಇವರಿಗೆ ಸಂಬಳ ಎಲ್ಲಿಂದ ಬರತ್ತೆ?" ಅಂತ ಕೇಳಿದ್ರು.

ಸರಿಯಾದ ಪ್ರಶ್ನೆ ಅದು. ಗೇಟ್ ಕಲೆಕ್ಷನ್ ಇಲ್ಲ. ಟಿವಿಯವರು ಕೊಡೋ ದುಡ್ಡು ನಿಂತ್ರೆ ಕಂಪನಿ ನಿಂತಂಗೆ. 2014ರ ಕೊನೆಗೆ ಸ್ಪೈಕ್ ಕೈಬಿಟ್ಟಾಗ ಆಗಿದ್ದೂ ಅದೇ. ಹೋಗನ್ ಇರ್ಲಿ ಬಿಡ್ಲಿ, ಈ ಬುನಾದಿ ಮೇಲೆ ಎಷ್ಟು ದಿನ ನಡೀತಿತ್ತು?

ಲೆಕ್ಕದ ಮೇಷ್ಟ್ರು
ಇಡೀ ಥ್ರೆಡ್ಡಲ್ಲಿ ಇದೊಂದು ಕೆಲಸದ ಮಾತು.

ಬುನಾದಿ ಸರಿಮಾಡೋಕೆ ಅಂತಲೇ 2013ರ ಮಾರ್ಚಲ್ಲಿ ಇಂಪ್ಯಾಕ್ಟ್ ಝೋನ್ ಬಿಟ್ಟು ಊರೂರಿಗೆ ಹೊರಟ್ರು. ಬಾಡಿಗೆ, ಲಾರಿ, ಲೈಟು, ಲಾಡ್ಜು ಎಲ್ಲ ಮೈಮೇಲೆ ಬಂತು. ಅಷ್ಟು ಟಿಕೆಟ್ ಹೋಗ್ಲಿಲ್ಲ. ಅದೇ ವರ್ಷ ನವೆಂಬರ್ ಹೊತ್ತಿಗೆ ವಾಪಸ್ ಒರ್ಲ್ಯಾಂಡೊ. ಅಷ್ಟರಲ್ಲಿ ಖರ್ಚು ಕಡಿತ ಶುರುವಾಗಿ ಹೋಗನ್ನೂ ಹೊರಗೆ, ಆಮೇಲೆ ಎಜೆ ಸ್ಟೈಲ್ಸೂ ಹೊರಗೆ. ಹೋಗನ್ ಹೋಗಿದ್ದು ಬಿಡಿ, ಎಜೆ?! ಮೊದಲ ಶೋನಿಂದ ಇದ್ದ ಹುಡುಗ. 2016ರ ಜನವರಿಯಲ್ಲಿ ಡಬ್ಲ್ಯುಡಬ್ಲ್ಯುಇಗೆ ಹೋದ, ಸೆಪ್ಟೆಂಬರಲ್ಲಿ ಅಲ್ಲಿ ವರ್ಲ್ಡ್ ಚಾಂಪಿಯನ್ ಆದ.

ನಾಕೌಟ್ ನಂದಿನಿ
ಇಷ್ಟೊತ್ತು ಓದಿದೆ, ಒಬ್ಬರೂ ನಾಕೌಟ್ಸ್, ಅಂದ್ರೆ ಟಿಎನ್‌ಎ ಹೆಂಗಸರ ವಿಭಾಗದ ಹೆಸರೆತ್ತಲಿಲ್ಲ. ಆಶ್ಚರ್ಯ ಏನೂ ಆಗಲಿಲ್ಲ.

2007ರಲ್ಲಿ ಟಿಎನ್‌ಎ ಹೆಂಗಸರಿಗೆ ಅಂತಲೇ ಬೆಲ್ಟ್ ಮಾಡ್ತು, ಗೇಲ್ ಕಿಮ್ ಮೊದಲ ಚಾಂಪಿಯನ್. ಆಮೇಲೆ ಆಸಮ್ ಕಾಂಗ್ ಜೊತೆ ಅವಳ ಮ್ಯಾಚುಗಳು. ಆ ಕಡೆ ಡಬ್ಲ್ಯುಡಬ್ಲ್ಯುಇಯಲ್ಲಿ ದೀವಾಸ್ ಅಂತ ಎರಡು-ಮೂರು ನಿಮಿಷದ ಮ್ಯಾಚು, ಫೋಟೋಶೂಟು. ಈ ಕಡೆ ಗೇಲ್ ಕಿಮ್ ತನ್ನ ಎರಡರಷ್ಟು ತೂಕದವಳನ್ನ ಎತ್ತೋಕೆ ಆಗದೆ ಕಾಲಿಗೆ ಬೀಳ್ತಾ, ಮಂಡಿಗೆ ಹೊಡೀತಾ, ಅವಳನ್ನ ಸುಸ್ತು ಮಾಡಿ ಮಾಡಿ ಗೆಲ್ಲೋಕೆ ಒದ್ದಾಡೋದು. ಶೋನ ಉಳಿದ ಭಾಗಕ್ಕಿಂತ ಇವರ ಸೆಗ್ಮೆಂಟನ್ನೇ ಜಾಸ್ತಿ ಜನ ನೋಡಿದ್ದೂ ಇದೆ. ಹೆಂಗಸರ ರೆಸ್ಲಿಂಗಿಗೆ ಟಿವಿಯಲ್ಲಿ ಜನ ಕೂರ್ತಾರೆ ಅಂತ ಅಮೆರಿಕದಲ್ಲಿ ತೋರಿಸಿಕೊಟ್ಟ ಕಂಪನಿ ಅದು. ಆ ಲಾಭ ತಿಂದಿದ್ದು ಎಷ್ಟೋ ವರ್ಷ ಆದ್ಮೇಲೆ ಬೇರೆಯವರು.

ಆರುಮೂಲೆಯವರೇ, ನಿಮ್ಮ ಎಕ್ಸ್ ಡಿವಿಷನ್ ಜೊತೆ ಇದನ್ನೂ ಲೆಕ್ಕಕ್ಕೆ ಹಿಡೀರಿ. ತಮ್ಮ ಹತ್ರ ಮಾತ್ರ ಇದ್ದಿದ್ದನ್ನ ಎರಡು ಸಲ ಕೈಬಿಟ್ರು.

ಆರುಮೂಲೆ ರಿಂಗು
ನೂರಕ್ಕೆ ನೂರು ಒಪ್ಪಿದೆ ನಂದಿನಿಯವರೇ. ಮೂರನೇದೂ ಇದೆ, ರಿಂಗು. 2010ರ ಜನವರಿಯಲ್ಲೇ ಜೆನೆಸಿಸ್ ಪೇ-ಪರ್-ವ್ಯೂನಲ್ಲಿ ಆರು ಮೂಲೆ ಕಿತ್ತು ನಾಲ್ಕು ಮೂಲೆ ಹಾಕಿದ್ರು. ಜನ "ಆರು ಮೂಲೆ ಬೇಕು" ಅಂತ ಕೂಗಿದ್ರು. ಫ್ರೀ ಜನ ಅಂತೀರಲ್ಲ, ಅವರೇ ಕೂಗಿದ್ದು. ಹೋಗನ್ ಮೈಕ್ ಹಿಡ್ಕೊಂಡು ಅವರ ಬಾಯಿ ಮುಚ್ಚಿಸೋಕೆ ನೋಡಿದ.

ಕುಡ್ಲದ ಮಾರಾಯ
ಆದರೆ ಆ ರಿಂಗಿನಲ್ಲಿ ಬಿದ್ದರೆ ಹೆಚ್ಚು ಪೆಟ್ಟು ಅಂತ ಕುಸ್ತಿಯವರೇ ಎಷ್ಟೋ ಜನ ಹೇಳಿದ್ದಾರೆ. 2014ರಲ್ಲಿ ಫ್ಯಾನ್‌ಗಳ ವೋಟ್ ತೆಗೆದುಕೊಂಡು ಆರು ಮೂಲೆ ವಾಪಸ್ ತಂದರಲ್ಲ, ನೋಡುವವರು ವಾಪಸ್ ಬಂದರಾ? ಇಲ್ಲ. 2018ಕ್ಕೆ ಮತ್ತೆ ನಾಲ್ಕು. ರಿಂಗಿನ ಮೂಲೆ ಎಣಿಸಿ ಯಾರೂ ಟಿವಿ ಹಾಕುವುದಿಲ್ಲ.

ಆರುಮೂಲೆ ರಿಂಗು
ನನ್ನ ಹೆಸರು ನೋಡಿ ಸ್ವಾಮಿ, ನಾನು ಎಣಿಸ್ತೀನಿ 😤

ಹಳೇಮೈಸೂರು ರಾಮಣ್ಣ
ಮಕ್ಕಳಾ, ನಾನು ಈ ಅಮೆರಿಕದ ಕುಸ್ತಿ ನೋಡಿದವನಲ್ಲ. ನಮ್ಮ ತಂದೆ ದಾರಾ ಸಿಂಗ್, ಕಿಂಗ್ ಕಾಂಗ್ ಕಥೆ ಹೇಳೋರು. ಕಿಂಗ್ ಕಾಂಗ್ ಎಷ್ಟು ಕೋಳಿ ತಿಂತಿದ್ದ ಅನ್ನೋ ಲೆಕ್ಕ ಸಲಸಲಕ್ಕೂ ಜಾಸ್ತಿ ಆಗ್ತಿತ್ತು.

ನಮ್ಮ ಮೈಸೂರಲ್ಲಿ ದಸರಾ ಕುಸ್ತಿ ದೊಡ್ಡಕೆರೆ ಮೈದಾನದ ಪಕ್ಕ ದೇವರಾಜ ಅರಸು ಕ್ರೀಡಾಂಗಣದಲ್ಲಿ ಈಗಲೂ ನಡೀತದೆ. ಕುಸ್ತಿಗಿಂತ ಮುಂಚೆ ಜೋಡಿ ಕಟ್ಟೋದು ಅಂತ ಒಂದು ದಿನ ಇರತ್ತೆ. ಹಿರಿಯರು ಕೂತು, ಪೈಲ್ವಾನರ ಅಂಗಿ ಬಿಚ್ಚಿಸಿ, ಮೈಕಟ್ಟು, ವಯಸ್ಸು, ಅನುಭವ ನೋಡಿ ಯಾರಿಗೆ ಯಾರು ಅಂತ ಹೇಳ್ತಾರೆ. ಆ ದಿನಾನೇ ಜನ ಸೇರ್ತಾರೆ. "ಏ, ಇವನಿಗೆ ಅವನು ಸಾಟಿ ಅಲ್ಲ" ಅಂತ ಅಲ್ಲೇ ಜಗಳ. ನಮ್ಮ ಗರಡಿ ಮನೆ ಹುಡುಗ, ನಿಮ್ಮ ಗರಡಿ ಮನೆ ಹುಡುಗ ಅಂತ ಪಕ್ಷ ಕಟ್ಕೊಂಡೇ ಬಂದಿರ್ತಾರೆ. ಅದಕ್ಕೆ ಟಿವಿನೂ ಬೇಕಿಲ್ಲ, ಹೋಗನ್ನೂ ಬೇಕಿಲ್ಲ. ಆದರೂ ಗರಡಿ ಮನೆಗಳಿಗೆ ಹುಡುಗರು ಬರೋದು ಮೊದಲಿನಷ್ಟಿಲ್ಲ, ಅದೂ ನಿಜ.

ಹುಬ್ಬಳ್ಳಿ ಪೈಲ್ವಾನ್
ಅಜ್ಜಾರ, ಜೋಡಿ ಕಟ್ಟೂದು ಅಂದ್ರಲ್ಲ, ಅದಕ್ಕ ಅಮೆರಿಕಾದಾಗ ಬುಕಿಂಗ್ ಅಂತಾರ. ಟಿಎನ್‌ಎದಾಗ ನಿಮ್ಮಂಥಾ ಹಿರ್ಯಾರ ಒಬ್ರೂ ಇರಲಿಲ್ಲ, ಅದ ಅವ್ರ ತ್ರಾಸ 🙏

ಟ್ರಂಪ್‌ಕಾರ್ಡ್ ಕಿಟ್ಟಿ
ರಾಮಣ್ಣೋರೆ, ಅಂಡರ್‌ಟೇಕರ್ ದಸರಾಕ್ಕೆ ಬಂದ್ರೆ ಯಾರ ಜೊತೆ ಜೋಡಿ ಕಟ್ತೀರಾ?

ಹಳೇಮೈಸೂರು ರಾಮಣ್ಣ
ಅವನಿಗೆ ಮಟ್ಟಿಗಿಳಿಯೋಕೆ ಮುಂಚೆ ಆ ಕೋಟು ಬಿಚ್ಚು ಅಂತ ಹೇಳ್ಬೇಕಾಗತ್ತೆ. ಆಮೇಲೆ ನೋಡೋಣ.

ಲೆಕ್ಕದ ಮೇಷ್ಟ್ರು
ವಾಪಸ್ ವಿಷಯಕ್ಕೆ ಬನ್ನಿ ಎಲ್ಲರೂ. ಹೋಗನ್ನೇ ಕಾರಣ ಅನ್ನೋರಿಗೆ ಒಂದು ಪ್ರಶ್ನೆ. 2010ರ ಮಾರ್ಚ್ 8ಕ್ಕೆ ಶೋನ ಗುರುವಾರದಿಂದ ಸೋಮವಾರಕ್ಕೆ, ರಾ ಎದುರಿಗೆ ತಂದ್ರು, ರೇಟಿಂಗ್ 1ರ ಕೆಳಗೆ ಬಿತ್ತು, ಆಮೇಲೂ ಇಳೀತು, ಮೇನಲ್ಲಿ ಬಾಲ ಮುದುರಿಕೊಂಡು ಗುರುವಾರಕ್ಕೆ ವಾಪಸ್. ಸೋತ್ರು, ಸರಿ. ಆದರೆ ಗುರುವಾರಕ್ಕೆ ಬಂದ ಮೇಲೆ ಹತ್ತು ಲಕ್ಷದ ಆಸುಪಾಸಿನ ಜನ ಸ್ಪೈಕಲ್ಲಿ ವರ್ಷಗಟ್ಟಲೆ ಇದ್ರು. ಹೋಗನ್ ಇದ್ದಾಗಲೂ ಇದ್ರು, ಹೋದ ಮೇಲೂ ಇದ್ರು. ಜನ ದಿಢೀರಂತ ಕಮ್ಮಿ ಆಗಿದ್ದು ಚಾನೆಲ್ ಬದಲಾದಾಗ. ಅಂದ್ರೆ ಓಡಿಸಿದ್ದು ಯಾರು?

ನಾಕೌಟ್ ನಂದಿನಿ
ಇದ್ರು ಮೇಷ್ಟ್ರೇ, ಆದರೆ ಚಾನೆಲ್ ಬದಲಾದಾಗ ಅವರು ಹಿಂದೆ ಹೋಗಲಿಲ್ಲವಲ್ಲ? ಅಭಿಮಾನ ಇದ್ದೋರು ಹುಡುಕ್ಕೊಂಡು ಹೋಗ್ತಾರೆ. ಗುರುವಾರ ರಾತ್ರಿ ಬೇರೇನೂ ಇಲ್ಲ, ಇದು ಬರ್ತಿದೆ, ಹಾಕ್ಕೊಂಡು ಕೂತ್ಕೋತೀನಿ ಅನ್ನೋರು ಹೋಗಲ್ಲ. 2010ರಿಂದ 14ರವರೆಗೆ ಆಗಿದ್ದು ಅದೇ. ಅಂಕಿ ಹಾಗೇ ಇತ್ತು, ನೋಡೋರ ಪ್ರೀತಿ ಇರಲಿಲ್ಲ.

2011ರ ವಿಕ್ಟರಿ ರೋಡ್ ನೆನಪಿದ್ಯಾ? ಮೇನ್ ಇವೆಂಟ್ ಸ್ಟಿಂಗ್ ಮತ್ತು ಜೆಫ್ ಹಾರ್ಡಿ. ಹಾರ್ಡಿ ರಿಂಗಿಗೆ ಬರೋವಾಗಲೇ ಆಡೋ ಸ್ಥಿತಿಯಲ್ಲಿಲ್ಲ ಅಂತ ಕಾಣ್ತಿತ್ತು. ಹೋಗನ್ ಜೊತೆ ಬಂದಿದ್ದ ಎರಿಕ್ ಬಿಷಫ್ ಓಡಿ ಬಂದು ಮೈಕಲ್ಲಿ ಏನೇನೋ ಹೇಳಿ ಹೊತ್ತು ಕಳೆದ. ಬೆಲ್ ಆಯ್ತು. ಒಂದೂವರೆ ನಿಮಿಷವೂ ಆಗಿರಲಿಲ್ಲ, ಸ್ಟಿಂಗ್ ಅವನನ್ನ ಕೆಳಗೆ ಹಾಕಿ ಭುಜ ಒತ್ತಿ ಹಿಡ್ಕೊಂಡ. ಹಾರ್ಡಿ ಎದ್ದೇಳೋಕೆ ನೋಡ್ತಿದ್ದಾನೆ, ಸ್ಟಿಂಗ್ ಬಿಡ್ತಿಲ್ಲ. ಒಂದು, ಎರಡು, ಮೂರು. ಜನ ಬಾಯಿಗೆ ಬಂದಂಗೆ ಬೈದು ಕೂಗ್ತಿದ್ರೆ ಸ್ಟಿಂಗ್ ಅವರ ಕಡೆ ತಿರುಗಿ "ನಾನೂ ಒಪ್ತೀನಿ" ಅಂದ. ಅದು ಮನೇಲಿ ದುಡ್ಡು ಕೊಟ್ಟು ನೋಡೋ ಪೇ-ಪರ್-ವ್ಯೂ! ಅವತ್ತು ಕೊಟ್ಟೋರು ಮುಂದಿನ ತಿಂಗಳು ಕೊಡ್ತಾರಾ? ಈ ಥರದ ನಷ್ಟ ಗುರುವಾರದ ರೇಟಿಂಗಲ್ಲಿ ಕಾಣಲ್ಲ.

ಲೆಕ್ಕದ ಮೇಷ್ಟ್ರು
ಪ್ರೀತಿಗೆ ಗ್ರಾಫ್ ಹಾಕೋಕೆ ಬರಲ್ಲ. ಪೇ-ಪರ್-ವ್ಯೂ ಮಾತು ಮಾತ್ರ ನ್ಯಾಯವಾಗಿದೆ. 2013ರಿಂದ ವರ್ಷಕ್ಕೆ ನಾಲ್ಕೇ ಲೈವ್ ಪೇ-ಪರ್-ವ್ಯೂ ಅಂತ ಇಳಿಸಿದ್ರು, ಕೊಳ್ಳೋರು ಇದ್ದಿದ್ರೆ ಇಳಿಸ್ತಿರಲಿಲ್ಲ.

ಒರ್ಲ್ಯಾಂಡೊ ಕನ್ನಡಿಗ
ಇನ್ನೊಂದು ಹೊಟ್ಟೆ ಉರಿಯೋ ವಿಷಯ. 2016ರಲ್ಲಿ ಜೆಫ್ ಅಣ್ಣ ಮ್ಯಾಟ್ ಹಾರ್ಡಿ "ಬ್ರೋಕನ್" ಅಂತ ಒಂದು ಹುಚ್ಚು ಪಾತ್ರ ಕಟ್ಟಿದ. ಫೈನಲ್ ಡಿಲೀಷನ್ ಅಂತ ಅವನ ಸ್ವಂತ ಮನೆ ಹಿತ್ತಲಲ್ಲೇ ಮ್ಯಾಚು, ಪಟಾಕಿ, ಡ್ರೋನು, ಕೆರೆ, ದೋಣಿ. ಟಿಎನ್‌ಎ ಬಗ್ಗೆ ಜನ ಆಡ್ಕೊಂಡು ನಗೋದು ಬಿಟ್ಟು ಖುಷಿಯಿಂದ ಮಾತಾಡಿದ್ದು ವರ್ಷಗಳ ಮೇಲೆ ಆಗಲೇ. 2017ರಲ್ಲಿ ಆಂಥಮ್ ಅನ್ನೋ ಮೀಡಿಯಾ ಸಂಸ್ಥೆ ಕೈಗೆ ಕಂಪನಿ ಹೋಯ್ತು, ಹಾರ್ಡಿ ಅಣ್ಣತಮ್ಮ ಇಬ್ಬರೂ ಬಿಟ್ಟು ಏಪ್ರಿಲಲ್ಲಿ ಡಬ್ಲ್ಯುಡಬ್ಲ್ಯುಇಯ ರೆಸಲ್‌ಮೇನಿಯಾಗೆ. ಆಮೇಲೆ ಆ ಪಾತ್ರ ನಮ್ಮದು ಅಂತ ಕಂಪನಿ ಕಾನೂನು ಜಗಳಕ್ಕಿಳೀತು. ಫ್ಯಾನುಗಳೆಲ್ಲ ಹಾರ್ಡಿ ಪರ.

ಟ್ರಂಪ್‌ಕಾರ್ಡ್ ಕಿಟ್ಟಿ
ಒಂದ್ ನಿಮಿಷ. ಕಲರ್ಸಲ್ಲಿ ರಿಂಗ್ ಕಾ ಕಿಂಗ್ ಅಂತ ಬರ್ತಿತ್ತಲ್ಲ, ಹರ್ಭಜನ್ ಸಿಂಗ್ ಜಾಹೀರಾತಲ್ಲಿ ಇರ್ತಿದ್ದ. ಅದೂ ಇವರದ್ದೇನಾ?? ಅದು ನಾನು ನೋಡಿದೀನಿ!

ಕುಡ್ಲದ ಮಾರಾಯ
ಅದೇ. ಸ್ವಾಗತ ನಿಮಗೆ. 2012ರಲ್ಲಿ ಬಂದದ್ದು, ಪುಣೆಯಲ್ಲಿ ಮೊದಲೇ ಶೂಟ್ ಮಾಡಿ ಇಟ್ಟದ್ದು, 26 ಎಪಿಸೋಡು. ಜೆಫ್ ಜಾರೆಟ್ ಹಿಂದೆ ನಿಂತು ಮಾಡಿಸಿದ್ದು. ಸ್ಕಾಟ್ ಸ್ಟೈನರ್, ಮ್ಯಾಟ್ ಮಾರ್ಗನ್, ಚಾವೊ ಗೆರೆರೊ ಎಲ್ಲ ಬಂದಿದ್ದರು. ಒಂದು ಸೀಸನ್, ಮತ್ತೆ ಬರಲಿಲ್ಲ. ನನಗೆ ಬೇಸರ ಅದೇ. ಹುಡುಗರು ನೋಡುತ್ತಿದ್ದರು, ಶಾಲೆಯಲ್ಲಿ ಮಾತಾಡುತ್ತಿದ್ದರು. ಮಹಾಬಲಿ ವೀರ ಅಂತ ಪಂಜಾಬಿನವನನ್ನು ಬೆಳೆಸಿದರು, ಮುಂದೆ ಅವನೇ ಅಮೆರಿಕದಲ್ಲಿ ಮಹಾಬಲಿ ಶೇರಾ ಆದ. 2017ರಲ್ಲಿ ಮುಂಬಯಿಗೆ ಬಂದು ಇಂಪ್ಯಾಕ್ಟ್ ರೆಕಾರ್ಡ್ ಮಾಡಿಕೊಂಡೂ ಹೋದರು. ಬಂದರು, ಕ್ಯಾಮೆರಾ ಇಟ್ಟರು, ಹೋದರು.

ಟ್ರಂಪ್‌ಕಾರ್ಡ್ ಕಿಟ್ಟಿ
ಛೇ. ಹಿಂದೀಲಿ ಬರ್ತಿತ್ತು ಅನ್ನೋದು ಬಿಟ್ರೆ ಸಖತ್ತಾಗಿತ್ತು. ಕನ್ನಡದಲ್ಲಿ ಕಾಮೆಂಟ್ರಿ ಕೊಟ್ಟಿದ್ರೆ ನಮ್ಮ ಹಳ್ಳಿ ಪೂರ್ತಿ ಕೂರ್ತಿತ್ತು. "ಎತ್ತಾಕ್ಬುಟ್ಟ ನೋಡ್ರಪ್ಪೋ" ಅಂತ.

ಹುಬ್ಬಳ್ಳಿ ಪೈಲ್ವಾನ್
ಆ ಕೆಲಸ ನನಗ ಕೊಡ್ರಿ, ರೊಕ್ಕ ಬ್ಯಾಡ.

ಆರುಮೂಲೆ ರಿಂಗು
ಸರಿ, ಈಗಿನ ಸ್ಥಿತಿ ಬಗ್ಗೆ ಏನಂತೀರಿ? 2024ರ ಜನವರಿಯಲ್ಲಿ ಇಂಪ್ಯಾಕ್ಟ್ ಅನ್ನೋ ಹೆಸರು ಬಿಟ್ಟು ಮತ್ತೆ ಟಿಎನ್‌ಎ ಆದ್ರು. 2025ರ ಜನವರಿಯಲ್ಲಿ ಡಬ್ಲ್ಯುಡಬ್ಲ್ಯುಇ ಜೊತೆ ಅಧಿಕೃತ ಒಪ್ಪಂದ. ಆಗಿನ ಟಿಎನ್‌ಎ ಚಾಂಪಿಯನ್ ಜೋ ಹೆಂಡ್ರಿ ಹಾಡಿಗೆ ಜನ ಎದ್ದು ಕೈ ಬೀಸ್ತಿದ್ರು, ಡಬ್ಲ್ಯುಡಬ್ಲ್ಯುಇಯ ರಾಯಲ್ ರಂಬಲ್ಲಿಗೂ ಹೋಗಿ ಬಂದ. ಜುಲೈನಲ್ಲಿ ನ್ಯೂಯಾರ್ಕ್ ಹತ್ರ ಸ್ಲ್ಯಾಮಿವರ್ಸರಿ ಅನ್ನೋ ಟಿಎನ್‌ಎ ಶೋಗೆ ಏಳು ಸಾವಿರದ ಮೇಲೆ ಜನ, ಟಿಕೆಟ್ ಕೊಂಡು! ಇಂಪ್ಯಾಕ್ಟ್ ಝೋನ್ ಕಾಲದವರಿಗೆ ಇದು ಕನಸು.

ನಾಕೌಟ್ ನಂದಿನಿ
ಅದೇ ವರ್ಷ ಮೇ ತಿಂಗಳಲ್ಲಿ ಎನ್‌ಎಕ್ಸ್‌ಟಿ (ಡಬ್ಲ್ಯುಡಬ್ಲ್ಯುಇಯ ಹೊಸಬರ ಶೋ) ಹುಡುಗ ಟ್ರಿಕ್ ವಿಲಿಯಮ್ಸ್ ಹೆಂಡ್ರಿಯಿಂದ ಟಿಎನ್‌ಎ ವರ್ಲ್ಡ್ ಬೆಲ್ಟ್ ಗೆದ್ದಿದ್ದು ಹೇಳಲೇ ಇಲ್ಲ ನೀವು. ಅದೂ ಎನ್‌ಎಕ್ಸ್‌ಟಿ ಶೋನಲ್ಲಿ. ಅಕ್ಟೋಬರಲ್ಲಿ ಟಿಎನ್‌ಎಯ ಮೈಕ್ ಸಂಟಾನ ವಾಪಸ್ ತರೋವರೆಗೆ ಕಂಪನಿಯ ಅತಿ ದೊಡ್ಡ ಬೆಲ್ಟು ಬೇರೆ ಕಂಪನಿಯವನ ಸೊಂಟದಲ್ಲಿತ್ತು. 2010ರಲ್ಲಿ ಮಾಜಿ ಡಬ್ಲ್ಯುಡಬ್ಲ್ಯುಇಯವರನ್ನ ತಂದ್ರು ಅಂತ ಬೈದ್ರಿ. ಈಗ ಹಾಲಿ ಡಬ್ಲ್ಯುಡಬ್ಲ್ಯುಇಯವರನ್ನ ತಂದ್ರೆ ಕನಸಾ?

ಆರುಮೂಲೆ ರಿಂಗು
ಸಂಟಾನ ಗೆದ್ದಾಗ ಜನ ಕೂಗಿದ್ದು ಕೇಳಿದ್ರಾ? ಹೊರಗಿನವನ ಹತ್ರ ಬೆಲ್ಟ್ ಇದ್ದಿದ್ದಕ್ಕೇ ಅದು ಅಷ್ಟು ಜೋರಾಗಿ ಬಂತು. 2010ರಲ್ಲಿ ಬಂದ ಹಳಬರು ಹಂಗೆ ಸೋತು ಕೊಟ್ಟಿದ್ದು ಕಮ್ಮಿ. ಎಜೆಗೆ ಫ್ಲೇರ್ ಥರ ನಿಲುವಂಗಿ ತೊಡಿಸಿ ನಡೆಸಿದ್ರು, ಅಷ್ಟೇ.

ನಾಕೌಟ್ ನಂದಿನಿ
ಸೋತು ಕೊಡು ಅಂತ ಡಬ್ಲ್ಯುಡಬ್ಲ್ಯುಇ ಹೇಳಿದ್ದಕ್ಕೆ ಸೋತ. ಬೇಡ ಅಂದಿದ್ರೆ?

ಲೆಕ್ಕದ ಮೇಷ್ಟ್ರು
ಡಬ್ಲ್ಯುಡಬ್ಲ್ಯುಇಗೆ ಆಗ ಎದುರಾಳಿಯಾಗಿದ್ದ ಡಬ್ಲ್ಯುಸಿಡಬ್ಲ್ಯು ಕಂಪನಿ ಹತ್ರ ಟರ್ನರ್ ದುಡ್ಡು, ಟರ್ನರ್ ಚಾನೆಲ್ ಎಲ್ಲ ಇತ್ತು, 83 ವಾರ ರಾ ಅನ್ನ ಸೋಲಿಸಿತ್ತು. 2001ರ ಮಾರ್ಚಲ್ಲಿ ಚಾನೆಲ್‌ನವರು ಬೇಡ ಅಂದ್ರು, ಅದೇ ತಿಂಗಳು ಕಂಪನಿ ಮುಗೀತು. ಟಿಎನ್‌ಎಯನ್ನ ಸ್ಪೈಕ್ ಬಿಟ್ತು, ಡೆಸ್ಟಿನೇಷನ್ ಅಮೆರಿಕ ಬಿಟ್ತು, ಪಾಪ್ ಬಿಟ್ತು, ಇನ್ನೂ ಇದೆ. ಬಾಡಿಗೆಗಾದ್ರೂ ಬದುಕಲಿ ಬಿಡಿ.

ನಾಕೌಟ್ ನಂದಿನಿ
ಇದೆ ಅನ್ನೋದು ಸಾಧನೆ ಅಂದ್ರೆ ಮಾತು ಮುಗೀತು ಮೇಷ್ಟ್ರೇ.

ಟ್ರಂಪ್‌ಕಾರ್ಡ್ ಕಿಟ್ಟಿ
ಇಷ್ಟೆಲ್ಲ ಓದಿ ನೋಡಬೇಕು ಅನ್ನಿಸ್ತಿದೆ. ಎಲ್ಲಿ ಬರತ್ತೆ ಇದು? ಡಬ್ಲ್ಯುಡಬ್ಲ್ಯುಇ ಸೋನಿ ಬಿಟ್ಟು ನೆಟ್‌ಫ್ಲಿಕ್ಸಿಗೆ ಹೋದ್ಮೇಲೆ ನಾನು ಅದನ್ನೂ ಬಿಟ್ಟಿದೀನಿ.

ಕುಡ್ಲದ ಮಾರಾಯ
ಟಿಎನ್‌ಎ ಪ್ಲಸ್ ಅಂತ ಅವರದ್ದೇ ಆಪ್ ಉಂಟು. ಹಳೆಯ ಮ್ಯಾಚು ಯೂಟ್ಯೂಬಿನಲ್ಲಿ ಬೇಕಾದಷ್ಟು. ಮೊದಲು 2005ರ ಆ ಮೂವರ ಮ್ಯಾಚು ನೋಡಿ.

ನಾಕೌಟ್ ನಂದಿನಿ
ಮೊದಲು ಗೇಲ್ ಕಿಮ್, ಆಸಮ್ ಕಾಂಗ್ ನೋಡಿ.

ಹುಬ್ಬಳ್ಳಿ ಪೈಲ್ವಾನ್
ಎರಡೂ ಬ್ಯಾಡ, ಮದಲ ಆ ಹಿತ್ತಲದಾಗಿನ ಪಟಾಕಿ ಮ್ಯಾಚ್ ನೋಡೋ ತಮ್ಮಾ. ಹೋಗನ್ ಜಗಳ ನಾಳೆ ಮುಂದುವರಿಸೂಣ, ನನಗ ನಾಳೆ ಮುಂಜಾನೆ ಡ್ಯೂಟಿ ಐತಿ.